ವಿದ್ಯುತ್ ಸೈಕಲ್ಲಿಗೂ ಒಂದು ಕಡಾಣಿ

ಎತ್ತಿನ ಬಂಡಿಯ ಅಚ್ಚಿನ ತುದಿಯಲ್ಲಿ ಒಂದು ಚಿಕ್ಕ ಕಬ್ಬಿಣದ ಕೀಲು ಇರುತ್ತದೆ. ಅದೇ ಕಡಾಣಿ. ಅದು ಜಾರಿದರೆ ಗಾಲಿ ಕಳಚಿ, ಹತ್ತಿಯ ಹೇರಿನ ಸಮೇತ ಬಂಡಿ ಒರಗುತ್ತದೆ. ಆದ್ದರಿಂದಲೇ ಆದವಾನಿಯ ಮಾರುಕಟ್ಟೆಗೆ ಬಂಡಿ ಹೂಡುವ ರೈತ ಮೊದಲು ಕಡಾಣಿಯನ್ನು ಮುಟ್ಟಿ ನೋಡುತ್ತಾನೆ.

ಈಗ ಹಳೆಯ ಸೈಕಲ್ಲಿನ ಗಾಲಿಗೆ ಹಬ್ ಮೋಟಾರು ಕೂಡಿಸಿ, ಬ್ಯಾಟರಿ ಕಟ್ಟಿ ಓಡಿಸುವುದು ಬಳಕೆಗೆ ಬಂದಿದೆ. ಇಂಥ ಸೈಕಲ್ಲಿಗೂ ಕಡಾಣಿಯಷ್ಟೇ ಮುಖ್ಯವಾದ ಒಂದು ಸಣ್ಣ ಸಾಧನ ಬೇಕು. ಅದು ಯಾವುದು? ಏಕೆ ಬೇಕು?

ಮಕ್ಕಳೇ, ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೂರನೆಯ ನಿಯಮವನ್ನು ನೀವು ಓದಿದ್ದೀರಿ. ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಉಂಟು. ಬಡಗಿಯ ಡ್ರಿಲ್ ಯಂತ್ರದ ಮೊನೆ ಮರದಲ್ಲಿ ಸಿಕ್ಕಿಕೊಂಡರೆ ಯಂತ್ರವೇ ಅವನ ಕೈಯನ್ನು ತಿರುಚುತ್ತದೆ. ಹಬ್ ಮೋಟಾರಿನಲ್ಲಿಯೂ ಹಾಗೆಯೇ. ಮೋಟಾರು ಗಾಲಿಯನ್ನು ಮುಂದಕ್ಕೆ ತಿರುಗಿಸಿದಷ್ಟೇ ಬಲವಾಗಿ ಆಕ್ಸಲನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಸಾದಾ ಸೈಕಲ್ಲಿನ ಆಕ್ಸಲಿಗೆ ಈ ತಿರುಚಾಟವಿಲ್ಲ. ಅದು ಭಾರವನ್ನು ಹೊತ್ತರೆ ಸಾಕು.

ಒಂದು ಲೆಕ್ಕ ಮಾಡೋಣ. ಮೋಟಾರಿನ ತಿರುಗುಬಲ 40 ನ್ಯೂಟನ್-ಮೀಟರ್ ಎಂದಿಟ್ಟುಕೊಳ್ಳಿ. ಆಕ್ಸಲಿನ ಚಪ್ಪಟೆ ಬದಿಗಳ ನಡುವಿನ ದಪ್ಪ ಸಾಮಾನ್ಯವಾಗಿ 10 ಮಿಲಿಮೀಟರು, ಎಂದರೆ 0.01 ಮೀಟರು. 40ನ್ನು 0.01ರಿಂದ ಭಾಗಿಸಿದರೆ 4000 ನ್ಯೂಟನ್. ಸುಮಾರು 400 ಕಿಲೋಗ್ರಾಂ ತೂಕದ ಒತ್ತಡ! ಫೋರ್ಕಿನ ತೆಳುವಾದ ಕಿಂಡಿ ಇದನ್ನು ತಾಳದೆ ಅಗಲವಾದರೆ ಆಕ್ಸಲ್ ಗಿರ್ರನೆ ತಿರುಗುತ್ತದೆ. ತಂತಿಗಳು ಸುತ್ತಿಕೊಂಡು ಹರಿಯುತ್ತವೆ, ಗಾಲಿಯೇ ಕಳಚಿಬೀಳಬಹುದು. ಮುಂದಿನ ಗಾಲಿಯಾದರೆ ಸವಾರನು ಮುಖವಡಿಯಾಗಿ ಬೀಳುವನು. ಅಲ್ಯೂಮಿನಿಯಂ ಫೋರ್ಕಿಗೆ ಈ ಅಪಾಯ ಉಕ್ಕಿನದಕ್ಕಿಂತ ಹೆಚ್ಚು.

ಇದಕ್ಕೆ ಪರಿಹಾರವೇ ಟಾರ್ಕ್ ಆರ್ಮ್. ಕನ್ನಡದಲ್ಲಿ ‘ತಡೆತೋಳು’ ಎನ್ನೋಣ. ಇದೊಂದು ಉಕ್ಕಿನ ಪಟ್ಟಿ. ಒಂದು ತುದಿಯ ಕಿಂಡಿ ಆಕ್ಸಲಿನ ಚಪ್ಪಟೆ ಬದಿಗಳನ್ನು ಬಿಗಿಯಾಗಿ ಅಪ್ಪಿರುತ್ತದೆ. ಇನ್ನೊಂದು ತುದಿಯನ್ನು ಫ್ರೇಮಿಗೋ ಫೋರ್ಕಿಗೋ ಕಟ್ಟುತ್ತಾರೆ. ತೋಳು 10 ಸೆಂಟಿಮೀಟರು ಉದ್ದವಿದ್ದರೆ, ಆ ತುದಿಯಲ್ಲಿ ಬೀಳುವ ಬಲ 400 ನ್ಯೂಟನ್ ಮಾತ್ರ. ಸನ್ನೆಗೋಲಿನ ತತ್ತ್ವವೇ ಇಲ್ಲಿ ನಮ್ಮನ್ನು ಕಾಯುತ್ತದೆ.

ಪಾಲಕರು ಗಮನಿಸಬೇಕಾದ ಅಂಶಗಳು:

1. ನಟ್ಟಿನ ಬಿಗುವೊಂದನ್ನೇ ನಂಬಬಾರದು. ಮೂಗುಳ್ಳ ವಾಷರನ್ನು ಅದರ ಮೂಗು ಕಿಂಡಿಯೊಳಗೆ ಕೂಡುವಂತೆ ಹಾಕಿ, ತಡೆತೋಳನ್ನೂ ಜೋಡಿಸಬೇಕು.

2. ಆಕ್ಸಲ್ ಕೂಡಲಿಲ್ಲವೆಂದು ಅರದಿಂದ ಕಿಂಡಿಯನ್ನು ಅತಿಯಾಗಿ ಉಜ್ಜಬಾರದು. ಸಡಿಲವಾದ ಕಿಂಡಿಯಲ್ಲಿ ಆಕ್ಸಲ್ ಅಲುಗತೊಡಗುತ್ತದೆ.

3. ಕೆಲವು ಮೋಟಾರುಗಳು ಬ್ರೇಕು ಹಿಡಿದಾಗ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತವೆ. ಆಗ ಆಕ್ಸಲಿನ ಮೇಲಿನ ಬಲದ ದಿಕ್ಕು ಬದಲಾಗಿ, ನಟ್ಟು ಬೇಗ ಸಡಿಲವಾಗಬಹುದು. ಅಂಥವುಗಳಿಗೆ ಎರಡೂ ಬದಿಗೆ ತಡೆತೋಳು ಇರುವುದು ಲೇಸು.

4. ಹೊಸದಾಗಿ ಜೋಡಿಸಿದ ಮೇಲೆ ಮೊದಲ ಕೆಲವು ದಿನ, ಅನಂತರ ವಾರಕ್ಕೊಮ್ಮೆ ಪಾನಾ ಹಾಕಿ ನಟ್ಟುಗಳನ್ನು ಪರೀಕ್ಷಿಸಬೇಕು.

ತಡೆತೋಳು ಕೈಯಗಲದ ಒಂದು ತುಂಡು. ಸೈಕಲ್ಲು ಓಡುತ್ತಿರುವಾಗ ಅದರ ನೆನಪೂ ಆಗುವುದಿಲ್ಲ. ಆದರೆ ಹಿಂದಿನ ಕ್ಯಾರಿಯರಿನ ಮೇಲೆ ಕುಳಿತು ಶಾಲೆಗೆ ಬರುವ ಮಗುವಿನ ಪ್ರಾಣ ಅದನ್ನು ನಂಬಿದೆ. ಮನೆಯಲ್ಲಿ ಇಂಥ ಸೈಕಲ್ಲಿದ್ದರೆ, ಮಕ್ಕಳೇ, ಇಂದು ಸಂಜೆಯೇ ತಂದೆಯವರೊಡನೆ ಕುಳಿತು ಅದರ ಆಕ್ಸಲನ್ನು ನೋಡಿರಿ. ತಡೆತೋಳು ಇಲ್ಲದಿದ್ದರೆ ಅದನ್ನು ಹಾಕಿಸುವವರೆಗೆ ಮೋಟಾರು ಚಾಲೂ ಮಾಡದೆ, ಪೆಡಲು ತುಳಿದುಕೊಂಡೇ ಬನ್ನಿರಿ.