ಮರಿಗೆ ಮುಂಗಡ ಕೊಡುವ ಮುನ್ನ
ಮುಧೋಳ ನಾಯಿಮರಿಗೆ ಮುಂಗಡ ಕೊಟ್ಟು, ಇನ್ನೆರಡು ಕಡೆಯೂ ಹೇಳಿಟ್ಟು, ಕೊನೆಗೆ ಫೋನೇ ಎತ್ತದವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮಗೆಂದು ಇಟ್ಟ ಮರಿಗಾಗಿ ಸಾಕಿದವರು ಬೇರೆ ಗಿರಾಕಿಗಳನ್ನು ವಾಪಸು ಕಳಿಸಿರುತ್ತಾರೆ. ಮನಸ್ಸು ಬದಲಾದರೆ ಅಂದೇ ತಿಳಿಸಿ. ಮುಂಗಡ ಯಾವಾಗ ಹಿಂದಿರುಗುತ್ತದೆ, ಯಾವಾಗ ಇಲ್ಲ ಎಂಬುದನ್ನು ಮೊದಲೇ ಬರೆಸಿಕೊಂಡರೆ ಇಬ್ಬರಿಗೂ ನೆಮ್ಮದಿ.

ಮನೆ ಎಂಥದ್ದು, ಓಡಲು ಜಾಗವಿದೆಯೇ ಎಂದು ಸಾಕಿದವರು ಕೇಳಿದರೆ ಮುನಿಸಿಕೊಳ್ಳಬೇಡಿ. ಇದು ಬೇಟೆಯ ತಳಿ, ಓಟವಿಲ್ಲದೆ ಸೊರಗುತ್ತದೆ. ಕೇಳುವವರೇ ಒಳ್ಳೆಯ ಸಾಕಣೆದಾರರು. ನೀವೂ ತಾಯಿನಾಯಿಯನ್ನು ತೋರಿಸಲು ಕೇಳಿ, ಲಸಿಕೆಯ ಚೀಟಿ ನೋಡಿ.

ಸಾಕಣೆದಾರರೇ, ಹೆಚ್ಚು ದುಡ್ಡು ಕೊಡುವವರು ಬಂದರೆಂದು ಮಾತು ಮುರಿಯಬೇಡಿ. ಕೊಳ್ಳುವವರೇ, ಬೇಗ ಕೊಡಿ ಎಂದು ಪೀಡಿಸಬೇಡಿ: 2017ರ ಕೇಂದ್ರ ನಿಯಮದಂತೆ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ.