ನವೋದಯದ ಗ್ರಾಮೀಣ ಸೀಟು: ಪರೀಕ್ಷೆಗೂ ಮೊದಲು ನೋಡಬೇಕಾದ ಕಾಗದಗಳು

ಜವಾಹರ್ ನವೋದಯ ವಿದ್ಯಾಲಯದ ಆರನೇ ತರಗತಿಗೆ ನಡೆಯುವ ಪ್ರವೇಶ ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆ, 100 ಅಂಕ. ಅದರಲ್ಲಿ 50 ಅಂಕ ಮಾನಸಿಕ ಸಾಮರ್ಥ್ಯಕ್ಕೆ, ಉಳಿದದ್ದು ಗಣಿತಕ್ಕೆ ಮತ್ತು ಭಾಷೆಗೆ. ಕನ್ನಡದಲ್ಲೇ ಬರೆಯಬಹುದು. ಒಂದು ಶಾಲೆಗೆ ಹೆಚ್ಚೆಂದರೆ 80 ಮಕ್ಕಳು. ಒಮ್ಮೆ ಬರೆದ ಮಗು ಮತ್ತೆ ಬರೆಯುವಂತಿಲ್ಲ. ಹಾಗಾಗಿ ತಂದೆತಾಯಿಯ ಗಮನವೆಲ್ಲ ಆ ಎರಡು ಗಂಟೆಯ ಮೇಲಿರುತ್ತದೆ. ಆದರೆ ಎಷ್ಟೋ ಮಕ್ಕಳ ಸೀಟು ಕೈತಪ್ಪುವುದು ಪರೀಕ್ಷಾ ಕೊಠಡಿಯಲ್ಲಲ್ಲ. ಮೂರು, ನಾಲ್ಕು, ಐದನೇ ತರಗತಿಯ ದಾಖಲೆಯಲ್ಲಿ.

ಹಳ್ಳಿಯ ಜಾಣ ಮಕ್ಕಳಿಗೆ ಒಳ್ಳೆಯ ವಸತಿ ಶಾಲೆ ಸಿಗಬೇಕೆಂದೇ 1986ರ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನವೋದಯಗಳು ಹುಟ್ಟಿದವು. ಇಲ್ಲಿ ಕನಿಷ್ಠ ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ. ಆದರೆ ಮನೆ ಹಳ್ಳಿಯಲ್ಲಿದ್ದ ಮಾತ್ರಕ್ಕೆ ಮಗು ‘ಗ್ರಾಮೀಣ’ವಾಗುವುದಿಲ್ಲ. ಆ ಮೂರೂ ತರಗತಿಗಳನ್ನು ಪೂರ್ಣಾವಧಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಈ ಅವಧಿಯಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಆ ಮಗುವನ್ನು ನಗರದ ಅಭ್ಯರ್ಥಿ ಎಂದೇ ಎಣಿಸಲಾಗುತ್ತದೆ. ಇದು ನವೋದಯ ಸಮಿತಿಯ ಮಾಹಿತಿ ಪುಸ್ತಿಕೆಯಲ್ಲಿರುವ ನಿಯಮ.

ಈ ನಿಯಮ ಯಾರಿಗೆ ತಟ್ಟುತ್ತದೆ ನೋಡಿ. ಯಾದಗಿರಿ, ರಾಯಚೂರು ಕಡೆಯ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಗುಳೆ ಹೋಗುತ್ತವೆ. ನಾಲ್ಕನೇ ತರಗತಿಯ ಮಗಳನ್ನೂ ಬೆಂಗಳೂರಿಗೆ ಕರೆದೊಯ್ದು, ಶಾಲೆ ತಪ್ಪದಿರಲಿ ಎಂದು ಕಟ್ಟಡ ಕೆಲಸದ ಜಾಗಕ್ಕೆ ಹತ್ತಿರದ ಸರ್ಕಾರಿ ಶಾಲೆಗೆ ಎರಡು ತಿಂಗಳು ಸೇರಿಸಿದರು ಎಂದುಕೊಳ್ಳಿ. ಮಗುವಿನ ಓದಿನ ಬಗ್ಗೆ ಕಾಳಜಿ ಇದ್ದ ತಂದೆತಾಯಿ ಮಾಡಬೇಕಾದದ್ದನ್ನೇ ಅವರು ಮಾಡಿದ್ದಾರೆ. ಆದರೆ ಅಷ್ಟಕ್ಕೇ ಆ ಹುಡುಗಿ ಗ್ರಾಮೀಣ ಪಾಲು ಕಳೆದುಕೊಳ್ಳುತ್ತಾಳೆ. ಇತ್ತ ಪಟ್ಟಣದ ಕೋಚಿಂಗ್ ಕೇಂದ್ರದಲ್ಲಿ ವರ್ಷವಿಡೀ ಉಳಿದು ಓದುವ ಮಗುವಿನ ಹೆಸರು ಯಾವುದೋ ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿದ್ದರೆ, ಕಾಗದದ ಮೇಲೆ ಆ ಮಗು ಗ್ರಾಮೀಣವೇ. ಹಣ ಕೊಟ್ಟು ತರಬೇತಿ ಪಡೆಯುವುದು ತಪ್ಪಲ್ಲ. ಓದದ ಶಾಲೆಯಲ್ಲಿ ಓದಿದೆ ಎಂದು ತೋರಿಸಿ ಇನ್ನೊಬ್ಬರಿಗೆ ಮೀಸಲಿಟ್ಟ ಸೀಟು ಪಡೆಯುವುದು ತಪ್ಪು. ಸುಳ್ಳು ಮಾಹಿತಿ ಸಾಬೀತಾದರೆ ಪ್ರವೇಶ ರದ್ದಾಗುತ್ತದೆ.

ಆದ್ದರಿಂದ ಮಗು ಮೂರನೇ ತರಗತಿಗೆ ಬಂದ ವರ್ಷವೇ ದಾಖಲೆ ನೋಡಿ. ಗುಳೆ ಹೋಗುವುದು ಅನಿವಾರ್ಯವಾದರೆ ಮಗುವನ್ನು ಅಜ್ಜಿ ಮನೆಯಲ್ಲೋ, ಇಂಥ ಮಕ್ಕಳಿಗೆಂದೇ ನಡೆಸುವ ಋತುಮಾನ ವಸತಿ ಶಾಲೆಯಲ್ಲೋ ಉಳಿಸಲು ಆದೀತೇ ಎಂದು ಹೆಡ್‌ಮಾಸ್ತರರನ್ನು ಕೇಳಿ. ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಮಗು ಯಾವ ವರ್ಷ ಯಾವ ಶಾಲೆಯಲ್ಲಿತ್ತು ಎಂಬುದು ಸರಿಯಾಗಿದೆಯೇ ಪರೀಕ್ಷಿಸಿ. ತಪ್ಪಿದ್ದರೆ ತಿದ್ದುಪಡಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೆಡ್‌ಮಾಸ್ತರರು ಸಹಿ, ಸೀಲು ಹಾಕಿ ಕೊಡುವ ಪ್ರಮಾಣಪತ್ರವನ್ನು ಆನ್‌ಲೈನ್‌ನಲ್ಲಿ ಏರಿಸುವ ಮೊದಲು ‘ಗ್ರಾಮೀಣ/ನಗರ’ ಎಂಬ ಕಾಲಂ ಮೇಲೆ ಬೆರಳಿಟ್ಟು ಓದಿ. ಊರಿಗೆ ಗ್ರಾಮ ಪಂಚಾಯಿತಿ ಇದೆ ಎಂಬುದೊಂದೇ ಸಾಲದು. 2011ರ ಜನಗಣತಿಯಲ್ಲಿ ಅಥವಾ ಆಮೇಲಿನ ಸರ್ಕಾರಿ ಅಧಿಸೂಚನೆಯಲ್ಲಿ ನಗರವೆಂದು ಸೇರಿದ ಊರು ಇಲ್ಲಿ ನಗರವೇ.

ಜಾತಿ ಪ್ರಮಾಣಪತ್ರದಲ್ಲೂ ಒಂದು ತೊಡಕಿದೆ. ಪರಿಶಿಷ್ಟ ಜಾತಿ, ಪಂಗಡಕ್ಕೆ ಜಿಲ್ಲೆಯ ಜನಸಂಖ್ಯೆಗೆ ತಕ್ಕ ಮೀಸಲಾತಿ ಇದೆ. ಹಿಂದುಳಿದ ವರ್ಗಕ್ಕೆ ಶೇ 27, ಆದರೆ ಅದು ಕೇಂದ್ರದ ಪಟ್ಟಿಯಂತೆ. ನಾಡಕಚೇರಿಯಲ್ಲಿ ಸಾಮಾನ್ಯವಾಗಿ ಕೊಡುವುದು 2ಎ, 3ಬಿ ಎಂಬ ರಾಜ್ಯದ ಪ್ರವರ್ಗದ ಪತ್ರ. ಅದು ಇಲ್ಲಿ ನಡೆಯುವುದಿಲ್ಲ, ಕೇಂದ್ರದ ಒಬಿಸಿ ನಮೂನೆಯಲ್ಲೇ ಕೇಳಿ ಪಡೆಯಬೇಕು. ತಹಶೀಲ್ದಾರರು ಜಾತಿ ಪತ್ರ ನಿರಾಕರಿಸಿದರೆ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬವಾದರೆ 2011ರ ಸಕಾಲ ಕಾಯ್ದೆಯಡಿ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಅರ್ಜಿಯ ಸಕಾಲ ಸಂಖ್ಯೆಯನ್ನು ಜೋಪಾನವಾಗಿಡಿ.

ಮಗುವಿಗೆ ಪರೀಕ್ಷೆ ಇಡುವುದೇ ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರವೇಶದ ವೇಳೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸುತ್ತದೆ. ಮೊದಲ ಉಲ್ಲಂಘನೆಗೆ 25,000 ರೂಪಾಯಿವರೆಗೆ, ನಂತರದ ಪ್ರತಿ ಉಲ್ಲಂಘನೆಗೆ 50,000ವರೆಗೆ ದಂಡ. ನವೋದಯವನ್ನು ಕಾಯ್ದೆಯೇ ‘ನಿರ್ದಿಷ್ಟ ವರ್ಗ’ದ ಶಾಲೆಗಳಲ್ಲಿ ಹೆಸರಿಸಿದ್ದು, ಅದರ ಪರೀಕ್ಷೆ ನಡೆದುಕೊಂಡು ಬಂದಿದೆ. ಅದನ್ನು ತೋರಿಸಿ ನಿಮ್ಮೂರಿನ ಖಾಸಗಿ ಶಾಲೆ ಆರನೇ ತರಗತಿಗೆ ಪರೀಕ್ಷೆ ಇಟ್ಟರೆ ಬಿಇಒಗೆ ಲಿಖಿತ ದೂರು ಕೊಡಿ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಮಾತ್ರ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ.

ಫಲಿತಾಂಶದ ಮೇಲೆ ಅನುಮಾನವಿದ್ದರೆ ಮಾಹಿತಿ ಹಕ್ಕು ಇದೆ. ನವೋದಯ ಸಮಿತಿ ಕೇಂದ್ರದ ಸಂಸ್ಥೆಯಾದ್ದರಿಂದ ಅದರ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ನಿಮ್ಮ ಮಗುವಿನ ಅಂಕ, ಉತ್ತರ ಪತ್ರಿಕೆಯ ಪ್ರತಿ, ಮಗುವನ್ನು ಯಾವ ವರ್ಗದಲ್ಲಿ ಪರಿಗಣಿಸಿದರು, ಆ ವರ್ಗದ ಕೊನೆಯ ಆಯ್ಕೆಯ ಅಂಕವೆಷ್ಟು ಎಂದು ಕೇಳಿ. ಮೌಲ್ಯಮಾಪನವಾದ ಉತ್ತರ ಪತ್ರಿಕೆ ‘ಮಾಹಿತಿ’ಯೇ, ಅಭ್ಯರ್ಥಿ ತನ್ನದನ್ನು ನೋಡಬಹುದು ಎಂದು 2011ರ ಸಿಬಿಎಸ್‌ಇ–ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಪತ್ರಿಕೆಗಳನ್ನು ಇಟ್ಟುಕೊಳ್ಳಬೇಕಾದ ಅವಧಿ ಮುಗಿದರೆ ಈ ಹಕ್ಕೂ ಮುಗಿಯಿತು ಎಂದೂ ಅದೇ ತೀರ್ಪು ಹೇಳುತ್ತದೆ. ಫಲಿತಾಂಶ ಬಂದ ವಾರದಲ್ಲೇ ಅರ್ಜಿ ಹಾಕುವುದು ಕ್ಷೇಮ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ.

ಇನ್ನೊಂದು ಮಗುವಿನ ಹಾಜರಿಯನ್ನು ಆರ್‌ಟಿಐನಲ್ಲಿ ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ನಿರಾಕರಿಸುವ ಸಾಧ್ಯತೆ ಹೆಚ್ಚು. ಸುಳ್ಳು ಗ್ರಾಮೀಣ ದಾಖಲೆಯ ಖಚಿತ ಸುಳಿವಿದ್ದರೆ ಜಿಲ್ಲಾಧಿಕಾರಿಗೆ ದೂರು ಕೊಟ್ಟು ತನಿಖೆ ಕೋರುವುದೇ ದಾರಿ. ವಿದ್ಯಾಲಯದ ನಿರ್ವಹಣಾ ಸಮಿತಿಗೆ ಅವರೇ ಅಧ್ಯಕ್ಷರು. ದೂರಿನ ಪ್ರತಿಯನ್ನು ಪ್ರಾಂಶುಪಾಲರಿಗೂ ಡಿಡಿಪಿಐಗೂ ಕಳಿಸಿ. ಶಾಲೆ, ತರಗತಿ, ವರ್ಷ ನಮೂದಿಸಿ; ಮಗುವನ್ನು ಊರಲ್ಲಿ ಆಡಿಕೊಳ್ಳಬೇಡಿ. ತಪ್ಪು ದೊಡ್ಡವರದು.

ಯಾವುದಕ್ಕೂ ಉತ್ತರ ಸಿಗದಿದ್ದರೆ ಹೈಕೋರ್ಟ್‌ನಲ್ಲಿ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಬಹುದು. ಧಾರವಾಡ, ಕಲಬುರಗಿಯಲ್ಲೂ ಪೀಠಗಳಿವೆ. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಕ್ಕಳಿಗೆ, ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ಅರ್ಜಿಯ ಪ್ರತಿ, ಹೆಡ್‌ಮಾಸ್ತರರ ಪ್ರಮಾಣಪತ್ರ, ಕೊಟ್ಟ ದೂರುಗಳ ಸ್ವೀಕೃತಿ ಜೊತೆಗಿರಲಿ. ಸೀಟುಗಳು ಭರ್ತಿಯಾಗುವ ಮೊದಲೇ ಹೋಗಿ.