ಮಿಲೇತದಲ್ಲೇ ಉಳಿದ ತ್ರೊಫಿಮ

ವಾಕ್ಯಭಾಗ: 2 ತಿಮೊಥೆಯ 4:20, ಯಾಜಕಕಾಂಡ 13:4-6

ಯೌವನಸ್ಥರೇ, ಇವತ್ತು ನನ್ನ ಒಂದು ತಪ್ಪನ್ನ ಒಪ್ಪಿಕೊಂಡು ಪಾಠ ಶುರು ಮಾಡ್ತೀನಿ.

2022ರ ಜನವರಿ. ಬೆಂಗಳೂರಲ್ಲಿ ಸಂಬಂಧಿಕರ ಮದುವೆ ಮುಗಿಸಿ ರಾತ್ರಿ ಟ್ರೇನಿಗೆ ಹಳೇ ಹುಬ್ಬಳ್ಳಿಗೆ ವಾಪಸ್ ಬಂದೆ. ಮರುದಿನ ಗಂಟಲು ಕೆರೆತ, ಮೈಕೈ ನೋವು. ನನ್ನ ಹೆಂಡತಿ, "ಟೆಸ್ಟ್ ಮಾಡಸ್ರಿ" ಅಂದ್ಳು. ನಾನು, "ಹೋದ ಮೇ ತಿಂಗಳಾಗ ಬಂದು ಹೋಗೇತಿ, ಎರಡೂ ಡೋಸ್ ಆಗ್ಯಾವು, ಮತ್ತ ಎಲ್ಲಿಂದ ಬರ್ತೈತಿ?" ಅಂದೆ.

ಅವತ್ತೇ ಸಂಜೆ ಇಂಡಿ ಪಂಪ್ ಹತ್ತಿರ ಒಬ್ಬ ಅಜ್ಜಿಯ ಮನೆಯಲ್ಲಿ ಪ್ರಾರ್ಥನಾ ಕೂಟ. ಸಣ್ಣ ಖೋಲಿ, ಹದಿನಾಲ್ಕು ಜನ. ಚಳಿ ಅಂತ ಕಿಟಕಿ ಮುಚ್ಚಿತ್ತು. ನಾನು ಗಿಟಾರ್ ಹಿಡಿದು ಒಂದು ತಾಸು ಹಾಡಿದೆ. "ಮೈಯಾಗ ಆರಾಮಿಲ್ಲ, ಆದ್ರೂ ವಿಶ್ವಾಸದಿಂದ ಬಂದೀನಿ" ಅಂತ ಸಾಕ್ಷಿ ಬೇರೆ ಹೇಳಿದೆ!

ಎರಡು ದಿನಕ್ಕೆ ನನ್ನ ರಿಪೋರ್ಟ್ ಪಾಸಿಟಿವ್. ನಾಲ್ಕನೇ ದಿನ ಅಜ್ಜಿಗೆ ಜ್ವರ. ಸಕ್ಕರೆ ಕಾಯಿಲೆ ಇರೋ ಜೀವ. ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಹೇಳಿದ್ದು ಇಷ್ಟೇ: "ತಮ್ಮಾ, ಮೊದಲ ಹೇಳಿದ್ರ ಫೋನಿನ್ಯಾಗ ಪ್ರಾರ್ಥನಾ ಮಾಡ್ತಿದ್ವಿ ಅಲ್ಲಾ." ದೇವರ ಕೃಪೆ, ಅವರು ಆರಾಮಾದ್ರು. ಆದರೆ ಆ ದಿನಗಳಲ್ಲಿ ಫೋನ್ ರಿಂಗಾದಾಗೆಲ್ಲ ನನ್ನ ಎದೆ ನಡುಗ್ತಿತ್ತು.

ಒಮ್ಮೆ ಬಂದದ್ದು ಮತ್ತೆ ಬರ್ತದೆ, ಯಾಕಂದ್ರೆ ವೈರಸ್ ರೂಪ ಬದಲಿಸ್ತದೆ. ಆ ಜನವರಿಯಲ್ಲಿ ಓಮಿಕ್ರಾನ್ ಹರಡ್ತಿತ್ತು. ಅದಕ್ಕೂ ಮೊದಲು, 2021ರ ನವೆಂಬರ್‌ನಲ್ಲಿ, ನಮ್ಮ ಧಾರವಾಡದ ಒಂದು ಮೆಡಿಕಲ್ ಕಾಲೇಜಲ್ಲೇ ನೂರಾರು ಜನರಿಗೆ ಬಂದಿತ್ತು. ಅವರಲ್ಲಿ ಹೆಚ್ಚಿನವರು ಎರಡೂ ಡೋಸ್ ತಗೊಂಡವರು. ಲಸಿಕೆ ರೋಗದ ತೀವ್ರತೆ ತಗ್ಗಿಸ್ತದೆ, ಆದರೆ ಸೋಂಕನ್ನ ಪೂರ್ತಿ ತಡೆಯೋದಿಲ್ಲ. ನನಗೆ ಹಗುರವಾದದ್ದು ಅಜ್ಜಿಗೂ ಹಗುರವಾಗ್ತದೆ ಅಂತ ಏನೂ ಇಲ್ಲ.

ಈಗ ವಾಕ್ಯಕ್ಕೆ ಬರೋಣ. ತ್ರೊಫಿಮ ಎಫೆಸದವನು, ಪೌಲನ ಜೊತೆ ಪ್ರಯಾಣ ಮಾಡಿದವನು. ಅವನು ಕಾಯಿಲೆ ಬಿದ್ದಾಗ ಪೌಲ ಅವನನ್ನು ಮಿಲೇತದಲ್ಲೇ ಬಿಟ್ಟು ಮುಂದೆ ಹೋದ. ಎಂಥಾ ಪೌಲ? ದೇವರು ಯಾರ ಕೈಯಿಂದ ಎಫೆಸದಲ್ಲಿ ಅದ್ಭುತಗಳನ್ನ ಮಾಡಿಸಿದನೋ ಆ ಪೌಲ! "ನಿನ್ನ ವಿಶ್ವಾಸ ಕಡಿಮೆ" ಅಂತ ಒಂದು ಮಾತೂ ಅಲ್ಲಿಲ್ಲ. ಯಾಜಕಕಾಂಡದಲ್ಲಿ ಕಾಯಿಲೆ ಬೇರೆ, ಕ್ರಮ ನೋಡ್ರಿ: 7 ದಿನ ಪ್ರತ್ಯೇಕ, ಮತ್ತೆ ಪರೀಕ್ಷೆ, ಬೇಕಾದರೆ ಇನ್ನೂ 7 ದಿನ. ಅದು ಪಾಳೆಯದ ಜನರನ್ನ ಕಾಯೋ ವ್ಯವಸ್ಥೆ.

ನಾನು ಅವತ್ತು ತೋರಿಸಿದ್ದು ವಿಶ್ವಾಸ ಅಲ್ಲ, ಹಟ. ಗಿಟಾರ್ ನುಡಿಸೋರು ಬ್ಯಾರೆ ಯಾರೂ ಇಲ್ಲ ಅನ್ನೋ ಅಹಂಕಾರ.

ಊರಿಂದ ಬಂದ ಮೇಲೆ ಜ್ವರ, ಕೆಮ್ಮು ಇದ್ರೆ ಮೊದಲು ಹೇಳ್ರಿ, ಟೆಸ್ಟ್ ಮಾಡಸ್ರಿ, ಮನೆಯಲ್ಲೇ ಕೂತು ಆರಾಧಿಸ್ರಿ. ಉಳಿದವರು ಅವರ ಬಾಗಿಲಿಗೆ ಊಟ ಮುಟ್ಟಿಸ್ರಿ. ಮನೆಯಲ್ಲೇ ಉಳಿದವರನ್ನ ಅಲ್ಪವಿಶ್ವಾಸಿ ಅನ್ನಬ್ಯಾಡ್ರಿ.

ಪ್ರಾರ್ಥನೆ ಮಾಡೋಣ. ಕರ್ತನೇ, ಕಾಯಿಲೆಯಲ್ಲಿರುವವರನ್ನ ಮುಟ್ಟು. ಸತ್ಯ ಹೇಳೋ ಧೈರ್ಯ ನಮಗೆ ಕೊಡು. ಆಮೆನ್.